ತೂಬು ಬಿಡುವುದು

ಗಾಳಿಬೀಡು
11-7-1958

ಅಕ್ಕಾ,

ಮಳೆ ಬಿಟ್ಟರೆ ಇಲ್ಲಿಂದ ಬರೆಯುವಂಥ ಸುದ್ದಿ ಇಲ್ಲ. ಇಪ್ಪತ್ತು ದಿನದಿಂದ ಒಂದೇ ಸಮನೆ ಸುರಿಯುತ್ತಿದೆ. ಗಾಳಿಯಂತೂ ಕೇಳಬೇಡ, ಈ ಊರಿಗೆ ಹೆಸರಿಟ್ಟವನು ಸುಳ್ಳು ಹೇಳಿಲ್ಲ. ನಾಟಿ ಶುರುವಾಗಿದೆ. ನಾನು ಈ ಸಲ ಗದ್ದೆಗೆ ಇಳಿಯಲಿಲ್ಲ. ಅತ್ತೆ ಒಂದು ಮಾತೂ ಅನ್ನಲಿಲ್ಲ.

ಊಟ ಸೇರುತ್ತದಾ, ನಿದ್ದೆ ಬರುತ್ತದಾ, ಹಾಲು ಬತ್ತಿತಾ ಎಂದು ನೀನು ಕೇಳಿದ್ದೆ. ಊಟ ಮಾಡುತ್ತೇನೆ. ನಿದ್ದೆ ಬರುತ್ತದೆ. ಹಾಲು ಬತ್ತಿತು. ಮಗುವಿಗೆಂದು ಹೊಲಿದಿಟ್ಟಿದ್ದ ಅಂಗಿಗಳನ್ನು ಅತ್ತೆ ಹೋದ ವಾರ ಕೂಲಿ ಲೈನಿನ ಹೆಂಗಸರಿಗೆ ಕೊಟ್ಟರು. ಮಡಚಿ ಕೊಟ್ಟವಳು ನಾನೇ. ಏನೂ ಅನ್ನಿಸಲಿಲ್ಲ. ಪಕ್ಕದ ಮನೆಯವರ ಬಟ್ಟೆ ಮಡಚಿದ ಹಾಗೆ ಮಡಚಿದೆ.

ಇನ್ನೊಂದು ವಿಷಯ. ನಮ್ಮ ಅಜ್ಜಿ ಬೆಳಗ್ಗೆ ಎದ್ದು ಚಾಪೆ ಮುಟ್ಟಿ ನೋಡಿ, "ಯಾರ ತೂಬು ಒಡ್ದುಟ್ಟು ಇಂದ್?" ಎಂದು ಕೇಳುತ್ತಿದ್ದದ್ದು ನಿನಗೆ ನೆನಪಿದೆಯಲ್ಲ? ಯಾವಾಗಲೂ ನನ್ನದೇ ಒಡೆದಿರುತ್ತಿತ್ತು. ಚಾಪೆ ತೊಳೆಯುವವಳು ನೀನು. ಏಪ್ರಿಲಿನ ಆ ಮೂರು ದಿನದ ನೋವಿನ ಮೇಲೆ, ಇಪ್ಪತ್ತಮೂರು ವರ್ಷದವಳಿಗೆ, ಮತ್ತೆ ಹಾಗೆಯೇ ಆಗಿದೆ. ನಾನು ಹೊರಗಿನ ಕೋಣೆಯಲ್ಲಿ ಹಾಸಿಗೆ ಹಾಕಿಕೊಂಡಿದ್ದೇನೆ. ದೇವರ ದೀಪವನ್ನು ಅತ್ತೆಯೇ ಹಚ್ಚುತ್ತಾರೆ. ಕಾರಣ ಯಾರಿಗೂ ಹೇಳಿಲ್ಲ. ಈ ಮಳೆಯಲ್ಲಿ ಬಟ್ಟೆ ಒಣಗಿಸುವುದೊಂದೇ ಕಷ್ಟ, ಉಳಿದದ್ದಕ್ಕೆ ಅಭ್ಯಾಸವಾಗಿದೆ.

ನಿನ್ನ ಕಾಗದವನ್ನು ಇವರು ಶುಕ್ರವಾರದ ಮಡಿಕೇರಿ ಸಂತೆಯಿಂದ ತಂದು, ಜಗಲಿಯಲ್ಲಿ ಕುಳಿತು ಗಟ್ಟಿಯಾಗಿ ಓದುತ್ತಾರೆ. ಅತ್ತೆಗೆ ಓದಲು ಬರುವುದಿಲ್ಲ, ಆದರೆ ಒಂದಕ್ಷರ ತಪ್ಪಿಸಿಕೊಳ್ಳುವುದಿಲ್ಲ. ಹಾಗಾಗಿ ಉತ್ತರ ಬರೆಯುವುದಿದ್ದರೆ ತೂಬು ಎಂದೇ ಬರೆ. ಬರೆಯದಿದ್ದರೂ ಆಯಿತು.

ಯಮುನ

*

ಮೈಸೂರು
20-7-1958

ಯಮುನ,

ಬರೆಯದಿದ್ದರೂ ಆಯಿತು ಅಂತೆ! ಹತ್ತು ವರ್ಷ ನಿನ್ನ ಚಾಪೆ ತೊಳೆದವಳಿಗೆ ಹೀಗೆ ಬರೆಯುವುದಾ? ಮೊಣ್ಣಪ್ಪ ಭಾವನಿಗೂ ನಿಮ್ಮ ಅತ್ತೆಯವರಿಗೂ ನನ್ನ ನಮಸ್ಕಾರ ಹೇಳು. ಅವರು ಕೇಳಿಸಿಕೊಳ್ಳುತ್ತಿದ್ದರೆ ಇಗೋ, ನಾನೇ ಹೇಳಿದೆ.

ಆ ತೂಬಿನ ವಿಷಯ. ಇಲ್ಲಿ ಅದನ್ನು ಚೆನ್ನಾಗಿ ಬಲ್ಲವರೊಬ್ಬರಿದ್ದಾರೆ, ನೀಲಾವತಿ ಮೇಡಂ ಎಂದು. ಮದ್ರಾಸಿನ ಕಡೆ ಕಲಿತು ಬಂದವರು. ನಮ್ಮ ಆಸ್ಪತ್ರೆಯಲ್ಲಿ ಮೂಳೆ ಮುರಿದವರಿಗೆ, ಕೈಕಾಲು ಬಿದ್ದವರಿಗೆ ವ್ಯಾಯಾಮ ಹೇಳಿಕೊಡುತ್ತಾರೆ. ತೂಬಿಗೂ ವ್ಯಾಯಾಮ ಉಂಟಂತೆ, ಅಂದರೆ, ರಿಪೇರಿ ಉಂಟಂತೆ. ಅವರು ಕೇಳಿದ್ದು ಇಷ್ಟು: ನೀರು ಯಾವಾಗಲೂ, ಹಗಲೂ ರಾತ್ರಿಯೂ, ತಾನೇ ತಾನಾಗಿ ಜಿನುಗುತ್ತದೋ? ಅಥವಾ ಕೆರೆಗೆ ಏನಾದರೂ ಬಿದ್ದು ಅಲುಗಿದಾಗ ಮಾತ್ರ ಚಿಮ್ಮುತ್ತದೋ? ಸದಾ ಜಿನುಗುತ್ತಿದ್ದರೆ ಕಟ್ಟೆಯಲ್ಲೇ ತೂತಾಗಿದೆ, ಮೈಸೂರಿಗೆ ತಂದು ಹೊಲಿಸಲೇಬೇಕು. ಅಲುಗಿದಾಗ ಮಾತ್ರವಾದರೆ ಹಲಗೆ ಸಡಿಲವಾಗಿದೆ ಅಷ್ಟೇ. ಅದಕ್ಕೆ ಔಷಧಿ ಬೇಡ, ಕತ್ತರಿ ಬೇಡ. ಬೇಕಾದದ್ದು ಮೂರು ತಿಂಗಳ ತಾಳ್ಮೆ. ಅದು ನಿನ್ನ ಹತ್ತಿರ ಇಲ್ಲವೆಂದು ನಾನು ಅವರಿಗೆ ಹೇಳಿಲ್ಲ.

ಇದು ನಿನಗೊಬ್ಬಳಿಗೆ ಬಂದದ್ದೆಂದು ತಿಳಿಯಬೇಡ. ನಮ್ಮ ವಾರ್ಡಿನಲ್ಲಿ ಹತ್ತು ಕೆರೆಗಳಿದ್ದರೆ ಮೂರರ ತೂಬು ಸಡಿಲ. ಬಾಯಿಬಿಡುವವರು ಯಾರೂ ಇಲ್ಲ.

ನಾನೇ ಬಂದು ನೋಡುತ್ತಿದ್ದೆ. ಆದರೆ ರಜೆಯ ಕಥೆ ನಿನಗೆ ಗೊತ್ತೇ ಇದೆ. ಏಪ್ರಿಲಿನಲ್ಲಿ ಸಿಗದದ್ದು ಈಗ ಸಿಗುತ್ತದಾ?

ಬೇಗ ಬರೆ.

ಬೊಳ್ಳಮ್ಮ

*

ಗಾಳಿಬೀಡು
2-8-1958

ಅಕ್ಕಾ,

ನಿನ್ನ ಕಾಗದ ಓದಿದ ಮರುದಿನವೇ ಇವರು ಹಾರೆ ಹಿಡಿದು, ಮಳೆಗೆ ಗೊರಗ ಸೂಡಿ, ಮೇಲಿನ ಕೆರೆಗೆ ಹೋದರು. ತೂಬಿನ ಹಲಗೆ ನಿಜವಾಗಿಯೂ ಕೊಳೆತು ಕುಂಬಾಗಿತ್ತಂತೆ. ಕೈಹಾಕಿದರೆ ಬೆರಳಿಗೆ ಬರುತ್ತಿತ್ತಂತೆ. ಮೈಯೆಲ್ಲ ಕೆಸರು ಮಾಡಿಕೊಂಡು ಬಂದು, "ಮೈಸೂರ್‌ಲಿ ಕುದ್ದ್ ನಿನ್ನಕ್ಕಂಗೆ ನಮ್ಮ ತೂಬು ಕಂಡತ್ ಹೆಂಗೆ?" ಎಂದು ಕೇಳಿದರು. ನಾನು ಬರೆದಿದ್ದೆ ಎಂದೆ. "ನೀ ಕೆರೆ ಕಡೆ ಹೋಗಿ ಎಷ್ಟ್ ತಿಂಗ ಆತ್?" ಎಂದರು. ಈಗ ಹಲಸಿನ ಹಲಗೆ ಕೊಯ್ದು ಹೊಸದು ಮಾಡುತ್ತಿದ್ದಾರೆ. ಆ ಕೆಲಸ ಸಿಕ್ಕಿದ್ದು ಅವರಿಗೂ ಒಳ್ಳೆಯದೇ ಆಯಿತು. ಮನೆಯೊಳಗೆ ಕುಳಿತರೆ ನಾವಿಬ್ಬರೂ ಗೋಡೆ ನೋಡುತ್ತೇವೆ.

ನಿನ್ನ ಮೇಡಂ ಕೇಳಿದ್ದಕ್ಕೆ ಉತ್ತರ. ಸದಾ ಜಿನುಗುವುದಿಲ್ಲ. ಮಲಗಿದ್ದಾಗ ಇಲ್ಲ. ಕೆಮ್ಮಿದರೆ, ಸೀನಿದರೆ, ನೀರಿನ ಹಂಡೆ ಎತ್ತಿದರೆ, ಮೆಟ್ಟಿಲು ಇಳಿದರೆ. ನಕ್ಕರೂ ಹಾಗಾಗುತ್ತದಾ ಗೊತ್ತಿಲ್ಲ, ನೋಡಿಲ್ಲ.

ಇನ್ನೊಂದನ್ನು ಅವರು ಕೇಳಲಿಲ್ಲ, ನಾನೇ ಹೇಳುತ್ತೇನೆ. ಆ ಜಾಗವೇ ನನ್ನದಲ್ಲ ಅನ್ನಿಸುತ್ತದೆ. ಮುಟ್ಟಿದರೆ ಕಂಬಳಿಯ ಮೇಲಿನಿಂದ ಮುಟ್ಟಿದ ಹಾಗೆ. ಬಟ್ಟೆ ಒದ್ದೆಯಾದದ್ದು ತಣ್ಣಗಾದ ಮೇಲೆಯೇ ತಿಳಿಯುತ್ತದೆ. ಅದೊಂದೇ ಜಾಗ ಎಂದೂ ಹೇಳಲಾರೆ. ಮೊನ್ನೆ ಒಲೆಯ ಕೊಳ್ಳಿ ಕಾಲಿಗೆ ತಾಗಿ ಬೊಬ್ಬೆ ಎದ್ದಿದೆ. ಅತ್ತೆ ನೋಡಿ ಹೇಳಿದ ಮೇಲೆ ನನಗೆ ಗೊತ್ತಾಯಿತು.

ಯಮುನ

*

ಮೈಸೂರು
14-8-1958

ಯಮುನ,

ಭಾವ ಹಾರೆ ಹಿಡಿದು ಹೋದದ್ದನ್ನು ಓದಿ ನಾನು ಡ್ಯೂಟಿ ರೂಮಿನಲ್ಲಿ ಒಬ್ಬಳೇ ನಕ್ಕೆ. ಭಾವಾ, ತಪ್ಪು ತಿಳಿಯಬೇಡಿ, ನಿಮ್ಮಂಥ ಕೆಲಸಗಾರರು ಮೈಸೂರಿನಲ್ಲೂ ಇಲ್ಲ.

ಕಟ್ಟೆ ಗಟ್ಟಿಯಿದೆ, ಹಲಗೆ ಮಾತ್ರ ಸಡಿಲ ಎಂದು ನೀಲಾವತಿ ಮೇಡಂ ಹೇಳಿದರು. ನಾನು ಗಣಪತಿಗೆ ತೆಂಗಿನಕಾಯಿ ಒಡೆದೆ. ಜಾಗ ಮರಗಟ್ಟಿರುವುದು ಬಹಳ ಹೊತ್ತು ಅಮುಕಿ ಹಿಡಿದದ್ದರಿಂದ, ನಿಧಾನಕ್ಕೆ ಅರಿವು ಬರುತ್ತದಂತೆ. ಈಗ ಅವರು ಹೇಳಿಕೊಟ್ಟ ಕ್ರಮ ಬರೆಯುತ್ತೇನೆ. ಸರಿಯಾಗಿ ಮನಸ್ಸಿಗೆ ತಂದುಕೋ.

ಮೊದಲು ಅಂಗಾತ ಮಲಗಿ, ಮೊಣಕಾಲು ಮಡಚಿಕೊಂಡು ಮಾಡಬೇಕು. ಆಮೇಲೆ ಕುಳಿತು, ಆಮೇಲೆ ನಿಂತು. ಬಸ್ಸಿನಲ್ಲಿ ಹೋಗುವಾಗ ಅವಸರವಾಗಿ, ಕುಶಾಲನಗರ ಬರುವವರೆಗೆ ತಡೆದುಕೊಳ್ಳುತ್ತೇವಲ್ಲ, ಹಾಗೆ ತೂಬನ್ನು ಒಳಕ್ಕೂ ಮೇಲಕ್ಕೂ ಎತ್ತಬೇಕು. ತೊಡೆ ಬಿಗಿಯಬಾರದು, ಹೊಟ್ಟೆ ಬಿಗಿಯಬಾರದು, ಕುಂಡೆ ಬಿಗಿಯಬಾರದು, ಉಸಿರು ಕಟ್ಟಬಾರದು. ಎತ್ತಿ ಐದು ಎಣಿಸುವವರೆಗೆ ಹಿಡಿ. ಆಮೇಲೆ ತೂಬು ಬಿಡು. ಹತ್ತು ಸಲ. ಬೆಳಗ್ಗೆ, ಮಧ್ಯಾಹ್ನ, ಸಂಜೆ. ಕೆಮ್ಮು ಬರುವುದಕ್ಕೆ ಮೊದಲೇ ಒಮ್ಮೆ ಎತ್ತಿಕೊಂಡರೆ ಚಿಮ್ಮುವುದಿಲ್ಲ. ಎಲ್ಲಿ ಎತ್ತುವುದೆಂದೇ ಮೊದಲು ತಿಳಿಯದೆ ಇದ್ದೀತು, ತಿಳಿಯದಿದ್ದರೂ ಮಾಡುತ್ತಿರು.

ಹಿಡಿತವೇ ಮುಖ್ಯ. ಮರೆಯಬೇಡ.

ಬೊಳ್ಳಮ್ಮ

*

ಗಾಳಿಬೀಡು
9-9-1958

ಅಕ್ಕಾ,

ನಿನ್ನ ಕಾಗದ ಈ ಸಲ ಜಗಲಿಯಲ್ಲಿ ನಾಟಕವಾಯಿತು. ಇವರು ಅರ್ಧ ಓದಿ ನಿಲ್ಲಿಸಿ, "ಕೆರೆಲಿ ಅಂಗಾತ ಮಲ್ಗಿ ತೂಬು ಎತ್ತುದಾ? ಮೈಸೂರ್ನವು ಹಿಂಗೇನಾ ಮಾಡ್ದು?" ಎಂದರು. ಕೆಲಸದವರೆಲ್ಲ ನಕ್ಕರು. ಕುಂಡೆ ಎಂಬ ಮಾತು ಬಂದಾಗ ಅತ್ತೆ ಎದ್ದು ಒಳಗೆ ಹೋದರು. ನಗದೆ ಇದ್ದವಳು ಮುದ್ದಿ ಒಬ್ಬಳೇ. ನನ್ನ ಹೆರಿಗೆಗೆ ಇದ್ದ ಸೂಲಗಿತ್ತಿ. ಅವಳು ಸಂಜೆ ಹಿತ್ತಲಿಗೆ ಬಂದು, "ಅಮ್ಮಾ, ಈ ತೂಬು ನಂಗೊತ್ತು. ನಾಕ್ ಹೆತ್ತೋಳು ನಾನು" ಎಂದಳು. ಆಮೇಲೆ ಬುಟ್ಟಿ ಎತ್ತಿಕೊಂಡು ಹೋದಳು. ಹೆಚ್ಚು ಮಾತಿನವಳಲ್ಲ.

ನೀನು ಹೇಳಿದಂತೆ ಮಾಡುತ್ತಿದ್ದೇನೆ. ಸರಿಹೋಗಿದೆ.

ಕೈಲ್‌ಮುಹೂರ್ತದ ಹಬ್ಬ ಆಯಿತು. ಕೋವಿಗೆ ಹೂವಿಟ್ಟು ಪೂಜೆ ಮಾಡುವಾಗ ನಾನು ಬಾಗಿಲ ಹೊರಗೆ ನಿಂತಿದ್ದೆ. ಅತ್ತೆ ನೋಡಿದರು. ಮರುದಿನ, "ಕಾವೇರಿ ಸಂಕ್ರಮಣ ಆದ್ ಮೇಲೆ ತವರಿಗೆ ಹೋಗಿ ನಾಕ್ ತಿಂಗ ಇದ್ದ್ ಬಾ. ಮೈ ಗಟ್ಟಿ ಆಗ್ಲಿ" ಎಂದರು. ದನಿ ಮೆತ್ತಗೇ ಇತ್ತು. ನಾಲ್ಕು ತಿಂಗಳಿಗೆಂದು ತವರಿಗೆ ಹೋದ ಕೆಳಗಿನ ಮನೆಯ ತಂಗಮ್ಮ ನಾಲ್ಕು ವರ್ಷವಾದರೂ ಅಲ್ಲಿಯೇ ಇದ್ದಾಳೆ. ಇವರು ಹೋಗು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಹಲಗೆ ಉಜ್ಜುತ್ತ ಕುಳಿತಿದ್ದರು.

ಹೋಗುತ್ತೇನೆ. ಎಲ್ಲಿದ್ದರೂ ಒಂದೇ.

ಯಮುನ

*

ಮೈಸೂರು
18-9-1958

ಯಮುನ,

ಸರಿಹೋಗಿದೆ! ಆ ಒಂದು ಪದವನ್ನು ನೀಲಾವತಿ ಮೇಡಂಗೆ ತೋರಿಸಿದೆ. ಇಷ್ಟು ಬೇಗನಾ ಎಂದು ಅವರು ಹುಬ್ಬೇರಿಸಿದರು. ಕೊಡಗಿನ ಹುಡುಗಿಯರು ಗಟ್ಟಿ ಎಂದು ನಾನೂ ಜಂಬ ಕೊಚ್ಚಿಕೊಂಡೆ.

ಸರಿಹೋದ ಮೇಲೆ ತವರಿಗೇಕೆ? ಸುಮ್ಮನೆ ಒಳಕೋಣೆಗೆ ಹಾಸಿಗೆ ತೆಗೆದುಕೊಂಡು ಹೋಗು. ಗಂಡಸರು ತಾವಾಗಿ ಕರೆಯುವುದಿಲ್ಲ, ಮುಖ ಊದಿಸಿಕೊಂಡು ಕೂರುತ್ತಾರೆ. ಭಾವ ಇದನ್ನು ಜಗಲಿಯಲ್ಲಿ ಓದಿದರೂ ಓದಲಿ. ಇನ್ನೊಂದು ಮಗುವಾಗಲಿ, ಎಲ್ಲ ಮರೆತುಹೋಗುತ್ತದೆ. ವಾರ್ಡಿನಲ್ಲಿ ದಿನಾ ನೋಡುತ್ತೇನೆ. ಒಂದು ಹೋದವರು ವರ್ಷದೊಳಗೆ ಇನ್ನೊಂದನ್ನು ಎತ್ತಿಕೊಂಡು ಬಂದು ನಗುತ್ತಾರೆ.

ಏಪ್ರಿಲಿನಲ್ಲಿ ರಜೆ ಕೊಟ್ಟಿದ್ದರೆ ನಾನೇ ಇರುತ್ತಿದ್ದೆ, ಏನು ಮಾಡುವುದು, ನಮ್ಮ ಮೇಟ್ರನ್ ಕಲ್ಲು ಮನಸ್ಸಿನವರು. ಅದನ್ನೇ ಯೋಚಿಸುತ್ತ ಕೂರಬೇಡ.

ಬೊಳ್ಳಮ್ಮ

*

ಮೈಸೂರು
24-10-1958

ಯಮುನ,

ಒಂದು ತಿಂಗಳಿಗೆ ಮೇಲಾಯಿತು. ಸಂಕ್ರಮಣವೂ ಆಯಿತು. ತವರಿನಲ್ಲಿದ್ದೀಯಾ, ಗಾಳಿಬೀಡಿನಲ್ಲಿದ್ದೀಯಾ? ಚೇರಂಬಾಣೆಗೆ ಅಣ್ಣನಿಗೂ ಬರೆದೆ, ನೀನು ಬಂದಿಲ್ಲ ಎಂದು ಕಾರ್ಡು ಹಾಕಿದ್ದಾನೆ. ಬಂದಿಲ್ಲದಿದ್ದರೆ ಅಲ್ಲಿಯೇ ಇರಬೇಕು, ಅಲ್ಲಿಯೇ ಇದ್ದರೆ ಬರೆಯಬೇಕು.

ನೀನು ಬರೆದ 'ಸರಿಹೋಗಿದೆ' ಎಂಬುದನ್ನು ಮತ್ತೆ ಓದಿದೆ. ಸರಿಹೋದವರು ಬಾಗಿಲ ಹೊರಗೆ ಯಾಕೆ ನಿಲ್ಲುತ್ತಾರೆ? ಎರಡೂ ಒಂದೇ ಕಾಗದದಲ್ಲಿತ್ತು. ನನಗೆ ಬೇಕಾದದ್ದನ್ನು ಮಾತ್ರ ಓದಿಕೊಂಡೆ.

ಭಾವಾ, ಅವಳು ಬರೆಯದಿದ್ದರೆ ನೀವಾದರೂ ಎರಡು ಗೆರೆ ಬರೆಯಿರಿ.

ಬೊಳ್ಳಮ್ಮ

*

ಗಾಳಿಬೀಡು
6-11-1958

ಅಕ್ಕಾ,

ಇಲ್ಲಿಯೇ ಇದ್ದೇನೆ. ಇನ್ನು ಮುಂದೆ ನೀನು ತೂಬು ಎಂದು ಬರೆಯಬೇಕಾಗಿಲ್ಲ. ಇವರು ನಿನ್ನ ಕಾಗದವನ್ನು ಜಗಲಿಯಲ್ಲಿ ಓದುವುದಿಲ್ಲ, ಒಡೆಯದೆ ನನ್ನ ಕೈಗೆ ಕೊಡುತ್ತಾರೆ. ಅತ್ತೆ ಕೇಳಿದರೆ, "ಎಲ್ಲವು ಸೌಖ್ಯ ಉಟ್ಟಂತೆ" ಎನ್ನುತ್ತಾರೆ.

ನಾನು ಸುಳ್ಳು ಬರೆದಿದ್ದೆ. ಪೂರ್ತಿ ಸುಳ್ಳೂ ಅಲ್ಲ. ನೀನು ಹಿಡಿ ಎಂದೆ, ಹಿಡಿದೆ. ಐದು ಎಣಿಸಿದ ಮೇಲೆ ತೂಬು ಬಿಡು ಎಂದಿದ್ದೆ. ತೂಬು ಬಿಟ್ಟರೆ ನೀರು ಹೋಗುತ್ತದಲ್ಲ, ಅಕ್ಕ? ಅದನ್ನು ನಿಲ್ಲಿಸಬೇಕೆಂದೇ ಅಲ್ಲವಾ ಇಷ್ಟೆಲ್ಲ? ಹಾಗಾಗಿ ಕೊಟ್ಟಿಗೆಯ ಹಿಂದೆ ಹೋದಾಗ ಮಾತ್ರ ಬಿಡುವುದು, ಉಳಿದ ಹೊತ್ತೆಲ್ಲ ಹಿಡಿದೇ ಇರುವುದು ಎಂದು ತಿಳಿದುಕೊಂಡೆ. ಹಿಡಿತವೇ ಮುಖ್ಯ ಎಂದು ಬೇರೆ ನೀನು ಬರೆದಿದ್ದೆ. ದೋಸೆ ಹುಯ್ಯುವಾಗ ಹಿಡಿದೆ, ಪಾತ್ರೆ ತೊಳೆಯುವಾಗ ಹಿಡಿದೆ, ಹಲ್ಲು ಕಚ್ಚಿಕೊಂಡು ಮಲಗಿದೆ. ಎರಡು ವಾರ ಬಟ್ಟೆ ಒಣಗಿತ್ತು. ಆಗ ನಿನಗೆ ಬರೆದದ್ದು. ಆಮೇಲೆ ಸೊಂಟದಿಂದ ತೊಡೆಯವರೆಗೆ ಸೆಳೆತ ಶುರುವಾಯಿತು. ಆಮೇಲೆ ಬಿಡಲು ಹೋದರೂ ಬಿಡಲಾಗಲಿಲ್ಲ. ಅರ್ಧ ಗಂಟೆ ಕುಕ್ಕರುಗಾಲಿನಲ್ಲಿ ಕುಳಿತರೆ ನಾಲ್ಕು ಹನಿ.

ಸಂಕ್ರಮಣದ ಮರುದಿನ ಪೆಟ್ಟಿಗೆ ಕಟ್ಟಿದೆ. ಇವರು ಹೊತ್ತುಕೊಂಡರು. ಮಡಿಕೇರಿಯವರೆಗೆ ನಡೆದು, ಅಲ್ಲಿಂದ ಚೇರಂಬಾಣೆಗೆ ಬಸ್ಸು ಹತ್ತುವುದೆಂದು. ಅರ್ಧ ದಾರಿಗೆ ಬರುವಷ್ಟರಲ್ಲಿ ನಾನು ರಸ್ತೆಯ ಪಕ್ಕ ಕುಳಿತುಬಿಟ್ಟೆ. ಹಿಂದಿನ ಸಂಜೆಯಿಂದ ಒಂದು ಹನಿಯೂ ಹೋಗಿರಲಿಲ್ಲ. ಹೊಟ್ಟೆ ಕಲ್ಲಾಗಿತ್ತು. ಎಂಥ ಆತ್ ಎಂದು ಕೇಳಿದರು. ನನಗೆ ನಾಚಿಕೆಯೂ ಆಗಲಿಲ್ಲ. "ಅಕ್ಕ ಬರ್ದ ತೂಬು ಕೆರೆದ್ ಅಲ್ಲ. ನಂದ್" ಎಂದೆ.

ಅವರು ಪೆಟ್ಟಿಗೆ ಇಳಿಸಿ ಅದರ ಮೇಲೆ ಕುಳಿತರು. ಬಹುಶಃ ನಿನ್ನ ಕಾಗದಗಳನ್ನೆಲ್ಲ ಮನಸ್ಸಿನಲ್ಲೇ ಮತ್ತೆ ಓದುತ್ತಿದ್ದರು. ಆಮೇಲೆ, "ನೀ ಹೊರಗಿನ ಕೋಣೆಗೆ ಹೋದ್ದ್ ನನ್ನ ಮೇಲಿನ ಸಿಟ್ಟ್‌ಲಿ ಅಂತ ತಿಳ್ಕಂಡಿದ್ದೆ" ಎಂದರು. ಏಪ್ರಿಲಿನಲ್ಲಿ ತಡಮಾಡಿದ್ದಕ್ಕೆ ಸಿಟ್ಟು ಎಂದು. ನಾನು ಸಿಟ್ಟಿಲ್ಲ ಎಂದೆ. ನಿಜವಾಗಿಯೂ ಇರಲಿಲ್ಲ. ಏನೂ ಇರಲಿಲ್ಲ.

ಹೊಸ ಹಲಗೆಯನ್ನು ಬಡಿದು ಬಡಿದು ಎಷ್ಟು ಬಿಗಿಯಾಗಿ ಕೂರಿಸಿದ್ದರೆಂದರೆ, ಅದು ನೀರು ಕುಡಿದು ಉಬ್ಬಿ, ಗದ್ದೆಗೆ ನೀರು ಬೇಕಾದಾಗ ಮೇಲೇಳಲೇ ಇಲ್ಲವಂತೆ. ಹಾರೆಯೂ ಬಗ್ಗಿತಂತೆ. "ತೂಬು ಅಂದರೆ ಮುಚ್ಚಿಕೆ ಮಾತ್ರ ಇರ್ದು ಅಲ್ಲ, ಬುಡಿಕೆನೂ ಬರೊಕು" ಎಂದರು. ಕೆರೆಯ ಬಗ್ಗೆ ಹೇಳಿದರೋ ನನ್ನ ಬಗ್ಗೆಯೋ, ನಾನು ಕೇಳಲಿಲ್ಲ.

ಮಡಿಕೇರಿಯ ಆಸ್ಪತ್ರೆಯಲ್ಲಿ ನಳಿಗೆ ಹಾಕಿ ನೀರು ತೆಗೆದರು. ಬಸ್ಸು ಹತ್ತಲಿಲ್ಲ. ಸಂಜೆ ಇಬ್ಬರೂ ಪೆಟ್ಟಿಗೆಯೊಡನೆ ಅಂಗಳಕ್ಕೆ ಬಂದದ್ದು ನೋಡಿ ಅತ್ತೆ ಎದ್ದು ನಿಂತರು. ಇವರು, "ಬಸ್ಸು ತಪ್ಪಿತ್" ಎಂದರು.

"ನಾಳೆ ಬಸ್ಸು ಇಲ್ಲೆನಾ?"

"ನಾಳೆನೂ ತಪ್ಪುದು."

ಅಷ್ಟೇ. ಅತ್ತೆ ಇನ್ನೊಂದು ಪಾವು ಅಕ್ಕಿ ತೊಳೆದರು.

ಪೆಟ್ಟಿಗೆ ಬಿಚ್ಚುವಾಗ ತಳದಲ್ಲಿ ನಿನ್ನ ಮಾರ್ಚ್ ತಿಂಗಳ ಕಾಗದ ಸಿಕ್ಕಿತು. ಹೀಗಿದೆ: 'ಚೊಚ್ಚಲು ಹೆರಿಗೆ, ನೋವು ಬಂದ ಕೂಡಲೇ ಗಾಬರಿಯಾಗಿ ಮಡಿಕೇರಿಗೆ ಹೊತ್ತುಕೊಂಡು ಓಡಬೇಡಿ. ಚೊಚ್ಚಲು ನಿಧಾನ. ಮುದ್ದಿಯ ಕೈ ಒಳ್ಳೆಯದು, ಧೈರ್ಯವಾಗಿರಿ.' ಇವರು ಅದನ್ನು ಮೊದಲನೆಯ ದಿನ ಓದಿದರು. ಎರಡನೆಯ ದಿನ ಮುದ್ದಿ ಆಸ್ಪತ್ರೆಗೆ ಹೋಗೋಣ ಎಂದಾಗ ಮತ್ತೆ ತೆಗೆದು ಓದಿದರು. ಅಕ್ಕನಿಗೆ ಗೊತ್ತಿರುತ್ತದೆ ಎಂದು ನಾನೇ ಹೇಳಿದೆ.

ಕಾಗದವನ್ನು ಮತ್ತೆ ಅಲ್ಲಿಯೇ ಇಟ್ಟಿದ್ದೇನೆ.

ಯಮುನ

*

ಮೈಸೂರು
15-11-1958

ಯಮುನ,

ಮೊದಲು ನೀಲಾವತಿ ಮೇಡಂ ಹೇಳಿದ್ದು, ಏಕೆಂದರೆ ಅದು ಕಾಯುವಂಥದ್ದಲ್ಲ. ನಿನ್ನ ಕಾಗದ ಓದಿ ಅವರು ನನ್ನನ್ನು ಗದರಿದರು. ಬಿಡು ಎಂದರೆ ಏನೆಂದು ವಿವರಿಸದೆ ಬರೆದೆಯಾ ಎಂದರು. ಎತ್ತುವುದು ಅರ್ಧ ಕೆಲಸ, ಬಿಡುವುದು ಇನ್ನರ್ಧ. ಐದು ಎಣಿಸಿ ಎತ್ತಿದರೆ ಹತ್ತು ಎಣಿಸಿ ಬಿಡಬೇಕು. ಬಿಟ್ಟರೆ ನೀರು ಹೋಗುವುದಿಲ್ಲ. ಮುಷ್ಟಿ ಬಿಚ್ಚಿದಂತೆ ಅಷ್ಟೇ. ಸದಾ ಮುಷ್ಟಿ ಹಿಡಿದ ಕೈಗೆ ಬಲ ಬರುವುದಿಲ್ಲ, ಜೋಮು ಹಿಡಿಯುತ್ತದೆ.

ಈಗ ಎತ್ತುವುದು ಪೂರ್ತಿ ನಿಲ್ಲಿಸು. ಒಂದು ತಿಂಗಳು ಬಿಡುವುದನ್ನು ಮಾತ್ರ ಕಲಿ. ಮಗ್ಗುಲಾಗಿ ಮಲಗಿ, ಮೊಣಕಾಲಿನ ನಡುವೆ ದಿಂಬಿಟ್ಟುಕೋ. ಒಂದು ಕೈ ಹೊಕ್ಕುಳ ಕೆಳಗಿಡು. ಉಸಿರು ತೆಗೆದುಕೊಂಡಾಗ ಹೊಟ್ಟೆ ಉಬ್ಬಲಿ, ಅದರ ಜೊತೆ ಕೆಳಗಿನದೂ ಇಳಿಯಲಿ. ಹಲ್ಲು ಕಚ್ಚಬೇಡ. ಬಾಯಿ ಸಡಿಲವಾಗಿದ್ದರೆ ಕೆಳಗೂ ಸಡಿಲವಾಗುತ್ತದೆ ಎನ್ನುತ್ತಾರೆ ಮೇಡಂ. ಬಿಸಿನೀರಿನ ಸ್ನಾನದ ನಂತರ ಮಾಡು. ಹೊರಗೆ ಹೋದಾಗ ತಿಣುಕಬೇಡ, ಅವಸರ ಮಾಡಬೇಡ. ಕುಳಿತು ಸುಮ್ಮನೆ ಉಸಿರಾಡು. ಮತ್ತೆ ಕಟ್ಟಿಕೊಂಡರೆ ತಡಮಾಡದೆ ಆಸ್ಪತ್ರೆಗೆ ಹೋಗು. ನೋವು ಪೂರ್ತಿ ಹೋದ ಮೇಲೆಯೇ ಎತ್ತುವುದು, ಅದೂ ದಿನಕ್ಕೆ ಐದೇ ಸಲ.

ಇನ್ನು ನನ್ನದು.

ಆ ಮಾರ್ಚ್ ಕಾಗದವನ್ನು ನಾನು ಮರೆತಿರಲಿಲ್ಲ. ನೀನು ಮರೆತಿರಬಹುದು ಎಂದುಕೊಂಡಿದ್ದೆ. ಚೊಚ್ಚಲು ನಿಧಾನ ಎಂಬುದು ಪುಸ್ತಕದಲ್ಲಿದೆ. ಎಷ್ಟು ನಿಧಾನವಾದರೆ ಓಡಬೇಕು ಎಂಬುದೂ ಅದೇ ಪುಟದಲ್ಲಿದೆ. ಅದನ್ನು ನಾನು ಬರೆಯಲಿಲ್ಲ. ಅರ್ಧ ಬರೆದು ಬಿಟ್ಟೆ. ಈ ತೂಬಿನಲ್ಲೂ ಅದನ್ನೇ ಮಾಡಿದೆ.

ಮೇಟ್ರನ್ ಕಲ್ಲು ಮನಸ್ಸಿನವರಲ್ಲ. ಏಪ್ರಿಲಿಗೆಂದು ನಾನು ರಜೆ ಕೇಳಲೇ ಇಲ್ಲ. ಆಗ ವಾರ್ಡ್ ಸಿಸ್ಟರ್ ಹುದ್ದೆಗೆ ಹೆಸರು ನೋಡುತ್ತಿದ್ದರು. ಆ ತಿಂಗಳು ಊರಿಗೆ ಹೋದರೆ ನನ್ನ ಹೆಸರು ಹಿಂದೆ ಬೀಳುತ್ತದೆ ಎಂದುಕೊಂಡೆ. ಅರ್ಜಿ ಬರೆಯಲೆಂದು ಕಾಗದ ತೆಗೆದಿದ್ದೆ. ಅದೇ ಕಾಗದದಲ್ಲಿ ನಿನಗೆ ಓಡಬೇಡಿ ಎಂದು ಬರೆದೆ. ಹುದ್ದೆ ಸಿಕ್ಕಿತು. ಜೂನಿನಿಂದ ನಾನು ಸಿಸ್ಟರ್ ಬೊಳ್ಳಮ್ಮ. ನಿನಗೆ ಹೇಳಲು ಬಾಯಿ ಬರಲಿಲ್ಲ.

ಕ್ಷಮಿಸು ಎಂದು ಬರೆಯುವುದಿಲ್ಲ. ಬರೆದರೆ ನೀನು ಆಯಿತು ಎನ್ನುತ್ತೀಯ. ಈಗ ನೀನು ಎಲ್ಲದಕ್ಕೂ ಆಯಿತು ಎನ್ನುತ್ತೀಯ.

ಬೊಳ್ಳಮ್ಮ

*

ಗಾಳಿಬೀಡು
4-1-1959

ಅಕ್ಕಾ,

ಕಾಫಿ ಪಿಕ್ಕಿಂಗ್ ಶುರುವಾಗಿದೆ. ಅಂಗಳದ ತುಂಬ ಹಣ್ಣು ಹರಡಿದ್ದಾರೆ, ಕಾಲಿಡಲು ಜಾಗವಿಲ್ಲ. ಬರೆಯಲು ತಡವಾದದ್ದು ಅದಕ್ಕಲ್ಲ. ನಿನ್ನ ಮೇಲೆ ಸಿಟ್ಟು ಬಂದಿತ್ತು.

ಮೊದಲು ಬರಲಿಲ್ಲ. ನಿನ್ನ ಕಾಗದ ಓದಿ ಮಡಚಿಟ್ಟೆ. ಮೇಡಂ ಹೇಳಿದಂತೆ ಮಗ್ಗುಲಾಗಿ ಮಲಗಿ, ಕೈ ಇಟ್ಟುಕೊಂಡು, ಉಸಿರಾಡುತ್ತಿದ್ದೆ. ದಿನಾ ಮಧ್ಯಾಹ್ನ, ಎಲ್ಲರೂ ತೋಟದಲ್ಲಿರುವಾಗ. ಮೂರು ವಾರ ಏನೂ ತಿಳಿಯಲಿಲ್ಲ. ಯಾರದೋ ಹೊಟ್ಟೆಯ ಮೇಲೆ ಕೈಯಿಟ್ಟ ಹಾಗೆ. ಮುದ್ದಿ ಬಂದು ಕೊಬ್ಬರಿ ಎಣ್ಣೆ ಬಿಸಿ ಮಾಡಿ ಸೊಂಟಕ್ಕೆ ಹಚ್ಚಿ ಹೋಗುತ್ತಿದ್ದಳು. ಒಂದು ದಿನ ಅವಳು ಎಣ್ಣೆ ಹಚ್ಚುತ್ತ, "ಬುಡಮ್ಮಾ, ಬುಡು. ಇನ್ನ್ಯಾಕೆ ಹಿಡ್ಕಂಡಿದ್ದಿ? ಮಗಾ ಆಗ್ಲೇ ಹೋಯ್ತಲ್ಲ" ಎಂದಳು.

ಅಕ್ಕಾ, ಆಗ ಬಿಟ್ಟಿತು. ಒಳಗೆ ಏನೋ ಇಳಿದದ್ದು ಸ್ಪಷ್ಟವಾಗಿ ತಿಳಿಯಿತು. ಆ ಜಾಗ ಎಲ್ಲಿದೆ ಎಂದು ಏಪ್ರಿಲಿನ ನಂತರ ಮೊದಲ ಸಲ ಗೊತ್ತಾಯಿತು. ನೀರು ಹೋಗಲಿಲ್ಲ, ಅಳು ಬಂತು. ಮುದ್ದಿಯ ಮಡಿಲಿನಲ್ಲಿ ತಲೆಯಿಟ್ಟು ಅತ್ತೆ ಬರುವವರೆಗೂ ಅಳುತ್ತಿದ್ದೆ. ಅವರು ಬಂದ ಮೇಲೂ ಅಳುತ್ತಿದ್ದೆ. ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಪಕ್ಕದಲ್ಲಿ ಕುಳಿತು, "ನಂಗೂ ಒಂದು ಹಿಂಗೇ ಹೋಗ್ಯುಟ್ಟು, ಇವ್ನಿಂದ ಮೊದ್ಲ್" ಎಂದರು. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲವಂತೆ. ಆ ಸಂಜೆ ದೇವರ ದೀಪದ ಎಣ್ಣೆ ಬಟ್ಟಲನ್ನು ನನ್ನ ಕೈಗೆ ಕೊಟ್ಟರು. ನಾನು ಮೈಲಿಗೆ ಎಂದೆ. "ಉಚ್ಚೆ ಹುಯ್ಯದವು ಯಾರೊಳ ಈ ಮನೆಲಿ?" ಎಂದರು. ನಾನು ನಕ್ಕೆ. ನಕ್ಕರೂ ಸ್ವಲ್ಪ ಹೋಗುತ್ತದೆ, ಮೇಡಂಗೆ ಹೇಳು. ಆಗಸ್ಟಿನಲ್ಲಿ ಗೊತ್ತಿಲ್ಲ ಎಂದು ಬರೆದದ್ದಕ್ಕೆ ಈಗ ಉತ್ತರ ಸಿಕ್ಕಿತು.

ಈಗ ದಿನಕ್ಕೆ ಐದು ಸಲ ಎತ್ತುತ್ತೇನೆ, ಐದು ಸಲ ಬಿಡುತ್ತೇನೆ. ಹಂಡೆ ಎತ್ತುವಾಗ ಇನ್ನೂ ಹೋಗುತ್ತದೆ, ಮೊದಲಿನಷ್ಟಿಲ್ಲ. ಹಾಸಿಗೆ ಒಳಕೋಣೆಗೆ ಬಂದಿದೆ. ಇವರು ಕೆರೆಯ ಹಲಗೆಯನ್ನು ಕೆತ್ತಿ ಸಣ್ಣದು ಮಾಡಿದ್ದಾರೆ.

ಆಮೇಲೆ ಸಿಟ್ಟು ಬಂತು. ಅರಿವು ಬಂದರೆ ಎಲ್ಲದರದ್ದೂ ಒಟ್ಟಿಗೇ ಬರುತ್ತದೆ ಎಂದು ನಿನ್ನ ಮೇಡಂ ಹೇಳಲಿಲ್ಲ. ನಿನ್ನ ಮಾರ್ಚ್ ಕಾಗದವನ್ನು ಒಲೆಗೆ ಹಾಕಬೇಕೆಂದು ತೆಗೆದೆ, ಹಾಕಲಿಲ್ಲ. ಅಕ್ಕನಿಗೆ ಗೊತ್ತಿರುತ್ತದೆ ಎಂದವಳು ನಾನು. ನನಗೆ ನಾಲ್ಕು ವರ್ಷವಾಗಿದ್ದಾಗಿನಿಂದ ನಾನು ಅದನ್ನೇ ಹೇಳುತ್ತಿದ್ದೇನೆ. ಸಿಟ್ಟು ಇನ್ನೂ ಇದೆ. ನಿನಗೆ ಹುದ್ದೆ ಸಿಕ್ಕಿದ್ದು ಕೇಳಿ ಸಂತೋಷವೂ ಆಯಿತು. ಎರಡೂ ಹೇಗೆ ಒಟ್ಟಿಗಿರುತ್ತವೆಯೋ, ಇವೆ.

ಇಷ್ಟು ದಿನ ನೀನು ಒಂದು ಮಾತು ಕೇಳಲಿಲ್ಲ, ಯಾರೂ ಕೇಳಲಿಲ್ಲ. ಮಗು ಹೇಗಿತ್ತು ಎಂದು. ಹೆಣ್ಣು. ತಲೆ ತುಂಬ ಕೂದಲು. ಎಡ ಕಿವಿಯ ಮೇಲುಗಡೆ ನಿನ್ನ ಹಾಗೆಯೇ ಸ್ವಲ್ಪ ಮಡಚಿಕೊಂಡಿತ್ತು. ಮುದ್ದಿ ಒರೆಸಿ ನನ್ನ ಪಕ್ಕದಲ್ಲಿ ಸ್ವಲ್ಪ ಹೊತ್ತು ಮಲಗಿಸಿದ್ದಳು. ನಾನು ಆ ಕಿವಿಯನ್ನು ಬಿಡಿಸಿ ನೋಡಿದೆ, ಮತ್ತೆ ಮಡಚಿಕೊಂಡಿತು.

ಕೆರೆಯ ಮೇಲುಗಡೆ ನೇರಳೆ ಮರದ ಹತ್ತಿರ ಇಟ್ಟಿದ್ದಾರೆ. ಇವರು ಮಳೆಯಲ್ಲಿ ದಿನವೂ ಅಲ್ಲಿಗೇ ಹೋಗುತ್ತಿದ್ದರೆಂದು ಈಗ ತಿಳಿಯಿತು. ತೂಬಿನ ಕೆಲಸ ನೆಪವಂತೆ. ಮೊನ್ನೆ ನಾನೂ ಹೋದೆ, ಏರಿ ಹತ್ತಿ. ನೀನೂ ಒಮ್ಮೆ ಬಂದು ನೋಡಬೇಕು.

ಏಪ್ರಿಲಿಗೆ ವರ್ಷವಾಗುತ್ತದೆ. ರಜೆ ಸಿಗದಿದ್ದರೆ ಪರವಾಗಿಲ್ಲ. ಈ ಸಲ ಕೇಳು.

ಯಮುನ